ಮಕ್ಕಳ ಹುಳುಕು ಹಲ್ಲಿಗೆ ಕೊರೆಯದ ಚಿಕಿತ್ಸೆ: ಯಾವ ಹಲ್ಲಿಗೆ ಯಾವುದು, ಹೇಗೆ

ಹಾಲುಹಲ್ಲು ಹುಳುಕಾದರೆ ಎರಡೇ ದಾರಿ ಎಂದು ಬಹಳಷ್ಟು ಪೋಷಕರು ಅಂದುಕೊಂಡಿರುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಡ್ರಿಲ್ಲಿನಿಂದ ಕೊರೆದು ಫಿಲ್ಲಿಂಗ್ ಮಾಡಿಸುವುದು ಒಂದು. ಹೇಗೂ ಬೀಳುವ ಹಲ್ಲು ತಾನೇ ಎಂದು ಬಿಟ್ಟುಬಿಡುವುದು ಇನ್ನೊಂದು. ಮೊದಲನೆಯದಕ್ಕೆ ಮೂರು ವರ್ಷದ ಮಗು ಹೆದರಿ ಬಾಯಿಯೇ ತೆರೆಯುವುದಿಲ್ಲ. ಎರಡನೆಯದು ಎಷ್ಟೋ ಸಲ ಕೀವು, ಜ್ವರ, ನಿದ್ದೆಗೆಟ್ಟ ರಾತ್ರಿಗಳಿಗೆ ತಂದು ನಿಲ್ಲಿಸುತ್ತದೆ. ಇವೆರಡೂ ಬೇಡ, ಹುಳುಕನ್ನು ಇದ್ದಲ್ಲೇ ನಿಲ್ಲಿಸೋಣ ಎನ್ನುವ ವಿಧಾನಗಳು ಇವೆ. ಯಾವ ಹಲ್ಲಿಗೆ ಯಾವುದು ಹೊಂದುತ್ತದೆ, ಹೇಗೆ ಮಾಡುತ್ತಾರೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಮಗುವನ್ನು ಕರೆತರುವವರಿಗೂ ಚಿಕಿತ್ಸೆ ಮಾಡುವವರಿಗೂ ಉಪಯೋಗವಾಗುವಂತೆ ಇಲ್ಲಿ ವಿವರಿಸಿದೆ. ಔಷಧ ಹಚ್ಚುವುದು, ಕ್ಯಾಪ್ ಕೂರಿಸುವುದು ತರಬೇತಿ ಪಡೆದ ಕೈಗಳ ಕೆಲಸ; ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಹುಳುಕನ್ನು ಪೂರ್ತಿ ಕೆರೆದು ತೆಗೆಯಬೇಕಿಲ್ಲ, ಏಕೆ?

ಹುಳುಕು ಮುಂದುವರಿಯುವುದು ಹಲ್ಲಿನ ಮೇಲೆ ಅಂಟಿ ಕೂತ ಬ್ಯಾಕ್ಟೀರಿಯಾ ಪದರದಿಂದ. ಸಕ್ಕರೆ ಸಿಕ್ಕಾಗಲೆಲ್ಲ ಅದು ಆಮ್ಲ ತಯಾರಿಸುತ್ತದೆ. ಆ ಪದರದ ಪಿಎಚ್ (ಆಮ್ಲೀಯತೆಯ ಅಳತೆ, ಇದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಕವಚವಾದ ಎನಾಮಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಜೊಲ್ಲು ಆಮ್ಲವನ್ನು ತಣಿಸಿ ಕಳೆದುಹೋದ ಖನಿಜದಲ್ಲಿ ಒಂದಷ್ಟನ್ನು ಮರಳಿಸುತ್ತದೆ. ದಿನವಿಡೀ ಈ ಏರಿಳಿತ ನಡೆಯುತ್ತಲೇ ಇರುತ್ತದೆ. ಕರಗುವುದು ಹೆಚ್ಚಾಗಿ ಮರಳುವುದು ಕಡಿಮೆಯಾದಾಗ ಹಲ್ಲಿನಲ್ಲಿ ಗುಳಿ ಬೀಳುತ್ತದೆ.

ಮುಖ್ಯವಾದ ಸಂಗತಿ ಏನೆಂದರೆ, ಗುಳಿ ಬಿದ್ದ ಮೇಲೂ ಈ ಲೆಕ್ಕವನ್ನು ತಿರುಗಿಸಬಹುದು. ಗುಳಿಯ ಮೇಲಿನ ಪದರವನ್ನು ದಿನವೂ ಉಜ್ಜಿ ತೆಗೆದರೆ, ಇಲ್ಲವೇ ಗುಳಿಯನ್ನು ಬಿಗಿಯಾಗಿ ಮುಚ್ಚಿ ಸಕ್ಕರೆ ಒಳಹೋಗದಂತೆ ಮಾಡಿದರೆ, ಗಾಳಿ ಸಿಗದ ಕೆಂಡದ ಹಾಗೆ ಹುಳುಕು ಆರಿಹೋಗುತ್ತದೆ. ಮೆತ್ತಗಿದ್ದ ಹಳದಿ ಡೆಂಟಿನ್ (ಎನಾಮಲ್‌ನ ಒಳಗಿನ ಭಾಗ) ಗಟ್ಟಿಯಾಗಿ, ಕಂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿ, ಹೊಳಪು ಪಡೆಯುತ್ತದೆ. ಹಾಗಾಗಿ ಗಟ್ಟಿಯಾದ ಕಪ್ಪು ಕಲೆಗಿಂತ ಮೆತ್ತನೆಯ ಹಳದಿ ಕಲೆಗೇ ಹೆಚ್ಚು ಹೆದರಬೇಕು.

ಹಾಲುಹಲ್ಲಿನ ವಿಷಯದಲ್ಲಿ ಕೊರೆಯದಿರುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಇದರ ಎನಾಮಲ್ ತೆಳು, ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಕೊನೆಯ ಮೆತ್ತನೆಯ ಚೂರೂ ಹೋಗಲಿ ಎಂದು ಕೆರೆಯುತ್ತಾ ಹೋದರೆ ನರ ತೆರೆದುಕೊಂಡುಬಿಡುತ್ತದೆ, ಸಣ್ಣ ಕೆಲಸ ನರದ ಚಿಕಿತ್ಸೆಯಾಗಿ ಬೆಳೆಯುತ್ತದೆ. ಅಂಚುಗಳನ್ನು ಚೊಕ್ಕ ಮಾಡಿ, ನರದ ಹತ್ತಿರ ಮೆತ್ತಗಿರುವುದನ್ನು ಅಲ್ಲೇ ಬಿಟ್ಟು ಮುಚ್ಚಿ ಎಂದು 2016ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಸೂಚಿಸಿದ್ದು ಇದೇ ಕಾರಣಕ್ಕೆ.

ಮೊದಲು ನರದ ಸ್ಥಿತಿ ತಿಳಿಯಿರಿ

ಈ ಎಲ್ಲ ವಿಧಾನಗಳೂ ನಿಂತಿರುವುದು ಒಂದೇ ಷರತ್ತಿನ ಮೇಲೆ: ಹಲ್ಲಿನೊಳಗಿನ ನರ ಇನ್ನೂ ಆರೋಗ್ಯವಾಗಿರಬೇಕು, ಅಥವಾ ಚೇತರಿಸಿಕೊಳ್ಳುವ ಹಂತದಲ್ಲಿರಬೇಕು. ಸತ್ತ ನರದ ಮೇಲೆ ಔಷಧ ಹಚ್ಚಿದರೂ ಅಷ್ಟೆ, ಕ್ಯಾಪ್ ಹಾಕಿದರೂ ಅಷ್ಟೆ. ಕೀವು ಒಳಗೊಳಗೇ ಬೆಳೆಯುತ್ತದೆ.

ಪೋಷಕರು ಮನೆಯಲ್ಲೇ ಗಮನಿಸಿ ಹೇಳಬೇಕಾದ ವಿಷಯಗಳು ಇಲ್ಲಿ ಎಕ್ಸ್‌ರೇಯಷ್ಟೇ ಬೆಲೆಯುಳ್ಳವು. ತಣ್ಣಗಿನದೋ ಸಿಹಿಯಾದದ್ದೋ ತಿಂದಾಗ ಮಾತ್ರ ನೋವು ಬಂದು, ತಿನ್ನುವುದು ನಿಂತ ಕೂಡಲೇ ಹೋಗುತ್ತದೆಯೇ? ಹಾಗಿದ್ದರೆ ನರ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಏನೂ ತಿನ್ನದಿದ್ದಾಗಲೂ ತಾನಾಗಿ ನೋವು ಬರುತ್ತದೆಯೇ, ಮಗು ರಾತ್ರಿ ನೋವಿನಿಂದ ಎದ್ದು ಅಳುತ್ತದೆಯೇ, ನೋವು ಬಂದರೆ ಬಹಳ ಹೊತ್ತು ಉಳಿಯುತ್ತದೆಯೇ? ಹಾಗಿದ್ದರೆ ನರ ಕೆಟ್ಟಿದೆ ಎಂದೇ ಹಿಡಿಯಬೇಕು. ಹಲ್ಲಿನ ಬುಡದ ವಸಡಿನಲ್ಲಿ ಮೊಡವೆಯಂಥ ಗುಳ್ಳೆ, ಕೆನ್ನೆಯ ಊತ, ಬೀಳುವ ವಯಸ್ಸು ಬರುವ ಮೊದಲೇ ಹಲ್ಲಿನ ಅಲುಗಾಟ ಇವೂ ಅದೇ ಮಾತು ಹೇಳುತ್ತವೆ. ಎರಡು ಹಲ್ಲುಗಳ ನಡುವೆ ಆಹಾರ ಸಿಕ್ಕಿಕೊಂಡು ವಸಡು ನೋಯುವುದೂ ಉಂಟು. ಬ್ರಶ್ ಮಾಡಿದ ಕೂಡಲೇ ನೋವು ಹೋದರೆ ಅದು ನರದ ನೋವಲ್ಲ, ವಸಡಿನದು.

ಕ್ಲಿನಿಕ್ಕಿನಲ್ಲಿ ಹಲ್ಲನ್ನು ಮೊದಲು ಬ್ರಶ್‌ನಿಂದ ಉಜ್ಜಿ, ಆಮೇಲೆ ಒಣಗಿಸಿ ನೋಡಬೇಕು. ಒದ್ದೆ ಹಲ್ಲಿನಲ್ಲಿ ಕಾಣದ ಆರಂಭದ ಬಿಳಿ ಕಲೆ ಐದು ಸೆಕೆಂಡು ಗಾಳಿ ಬಿಟ್ಟರೆ ಎದ್ದು ಕಾಣುತ್ತದೆ. ಒದ್ದೆಯಲ್ಲೂ ಕಾಣುತ್ತಿದ್ದರೆ ಅದು ಇನ್ನಷ್ಟು ಆಳಕ್ಕೆ ಇಳಿದಿದೆ. ಚೂಪು ಪ್ರೋಬ್‌ನಿಂದ ಚುಚ್ಚಿ ನೋಡುವ ಹಳೆಯ ಅಭ್ಯಾಸ ಬಿಡಬೇಕು, ಏಕೆಂದರೆ ಒಳಗೆ ಸಡಿಲವಾಗಿ ಮೇಲೆ ಮಾತ್ರ ಉಳಿದಿರುವ ಎನಾಮಲ್ ಪದರ ಚುಚ್ಚಿದರೆ ಒಡೆಯುತ್ತದೆ, ಇಲ್ಲದ ಗುಳಿ ಅಲ್ಲಿ ಹುಟ್ಟುತ್ತದೆ. ತುದಿ ಗುಂಡಗಿರುವ ಪ್ರೋಬ್ ಅನ್ನು ಮೆಲ್ಲಗೆ ಸವರಿದರೆ ಒರಟೋ ನುಣುಪೋ, ಮೆತ್ತಗೋ ಗಟ್ಟಿಯೋ ಗೊತ್ತಾಗುತ್ತದೆ. ದವಡೆಹಲ್ಲಿಗೆ ಎಕ್ಸ್‌ರೇ ತೆಗೆದಾಗ ಹುಳುಕಿನ ಕೆಳ ಅಂಚಿಗೂ ನರದ ಕೋಣೆಗೂ ನಡುವೆ ಆರೋಗ್ಯವಾದ ಡೆಂಟಿನ್‌ನ ಪಟ್ಟಿ ಸ್ಪಷ್ಟವಾಗಿ ಕಾಣಬೇಕು. ಅದು ಕಾಣದಿದ್ದರೆ ಮುಂದೆ ಹೇಳುವ ವಿಧಾನಗಳಿಗೆ ಕೈ ಹಾಕುವ ಮುನ್ನ ಮತ್ತೊಮ್ಮೆ ಯೋಚಿಸಿ.

ಹಲ್ಲಿಗೆ ಇನ್ನೆಷ್ಟು ಕಾಲ ಬಾಕಿ ಇದೆ ಎಂಬುದನ್ನೂ ಲೆಕ್ಕ ಹಾಕಿ. ಕೆಳಗಿನ ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ; ಹಾಲಿನ ದವಡೆಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಇರಬೇಕು. ನಾಲ್ಕು ವರ್ಷದ ಮಗುವಿನ ದವಡೆಹಲ್ಲನ್ನು 'ಬೀಳುವ ಹಲ್ಲು' ಎಂದು ಕಡೆಗಣಿಸಿದರೆ ಇನ್ನು ಆರೇಳು ವರ್ಷದ ಅಗಿಯುವಿಕೆಯನ್ನು ಕಡೆಗಣಿಸಿದಂತೆ. ಅದು ಬೇಗ ಹೋದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿಗೆ ಜಾಗವೇ ಇಲ್ಲದಂತಾಗುತ್ತದೆ.

ಬಿಳಿ ಕಲೆಯ ಹಂತ: ಫ್ಲೋರೈಡ್ ವಾರ್ನಿಶ್

ಗುಳಿ ಬೀಳದೆ ಸುಣ್ಣ ಬಳಿದಂತೆ ಹೊಳಪಿಲ್ಲದ ಬಿಳಿ ಕಲೆ ಮಾತ್ರ ಇದ್ದರೆ, ಅದರಲ್ಲೂ ವಸಡಿನ ಅಂಚಿನುದ್ದಕ್ಕೂ ಇದ್ದರೆ, ಫ್ಲೋರೈಡ್ ವಾರ್ನಿಶ್ ಸಾಕು. ಇದು 5% ಸೋಡಿಯಂ ಫ್ಲೋರೈಡ್, ಅಂದರೆ 22,600 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಫ್ಲೋರೈಡ್. ಹಾಲುಹಲ್ಲು ಮಾತ್ರ ಇರುವ ಬಾಯಿಗೆ 0.25 ಮಿಲಿಲೀಟರ್ ಧಾರಾಳವಾಯಿತು. ಹತ್ತಿಯಿಂದ ಹಲ್ಲು ಒರೆಸಿ ತೆಳುವಾಗಿ ಬಳಿದರೆ ಜೊಲ್ಲು ತಗುಲಿದ ಕೂಡಲೇ ಅಂಟಿಕೊಳ್ಳುತ್ತದೆ, ಪೂರ್ತಿ ಒಣಗಿಸಲೇಬೇಕೆಂದಿಲ್ಲ. ಆ ದಿನ ಮೆತ್ತನೆಯ ಆಹಾರ ಕೊಡಿ, ಬ್ರಶ್ ಮಾಡುವುದನ್ನು ಮರುದಿನ ಬೆಳಗ್ಗೆಗೆ ಇಟ್ಟುಕೊಳ್ಳಿ. ಕೆಲವು ವಾರ್ನಿಶ್‌ಗಳಿಂದ ಹಲ್ಲು ಒಂದು ದಿನ ಹಳದಿಯಾಗಿ ಕಾಣುತ್ತದೆ, ಗಾಬರಿ ಬೇಡ. ಹುಳುಕಿನ ಅಪಾಯ ಹೆಚ್ಚಿರುವ ಮಗುವಿಗೆ ಮೂರು ತಿಂಗಳಿಗೊಮ್ಮೆ, ಉಳಿದವರಿಗೆ ಆರು ತಿಂಗಳಿಗೊಮ್ಮೆ ಹಚ್ಚಬೇಕು. ವಾರ್ನಿಶ್‌ನಲ್ಲಿ ಮರದ ಅಂಟು ಇರುವುದುಂಟು. ಅಂಥ ಅಂಟಿಗೆ ಅಲರ್ಜಿ ಇದ್ದರೆ, ಅಥವಾ ವಸಡಿನಲ್ಲಿ ಹುಣ್ಣುಗಳಿದ್ದರೆ ಹಚ್ಚುವಂತಿಲ್ಲ. ಕಲೆ ನಿಂತಿತೋ ಇಲ್ಲವೋ ಎನ್ನುವುದನ್ನು ಮುಟ್ಟಿ ತಿಳಿಯಬೇಕು: ಒರಟಾಗಿದ್ದದ್ದು ನುಣುಪಾಗಿ ಹೊಳೆದರೆ ನಿಂತಿದೆ, ಬಿಳಿ ಬಣ್ಣ ಹಾಗೇ ಉಳಿದರೂ ಪರವಾಗಿಲ್ಲ.

ಗುಳಿ ಬಿದ್ದಾಗ: ಸಿಲ್ವರ್ ಡೈಅಮೈನ್ ಫ್ಲೋರೈಡ್

ದಂತವೈದ್ಯರು ಎಸ್‌ಡಿಎಫ್ ಎಂದು ಕರೆಯುವ ಈ ದ್ರವ ಜಪಾನಿನಲ್ಲಿ ಐವತ್ತು ವರ್ಷಕ್ಕೂ ಹಿಂದಿನಿಂದ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಸಾಮಾನ್ಯವಾಗಿ ಬಳಸುವುದು 38% ದ್ರಾವಣ. ಬೆಳ್ಳಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಫ್ಲೋರೈಡ್ ಖನಿಜವನ್ನು ಮರಳಿಸುತ್ತದೆ, ಅಮೋನಿಯಾ ದ್ರಾವಣ ಕೆಡದಂತೆ ಹಿಡಿದಿಡುತ್ತದೆ. ಫ್ಲೋರೈಡ್‌ನ ಪ್ರಮಾಣ ಸುಮಾರು 44,800 ಪಿಪಿಎಂ, ವಾರ್ನಿಶ್‌ನ ಹೆಚ್ಚುಕಡಿಮೆ ಎರಡರಷ್ಟು. ಕೂತು ಸಹಕರಿಸಲಾಗದ ಪುಟ್ಟ ಮಕ್ಕಳಿಗೆ, ಒಂದೇ ಬಾಯಲ್ಲಿ ಹತ್ತಾರು ಗುಳಿ ಇರುವವರಿಗೆ, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ, ಇಡೀ ಬಾಯಿಯ ಚಿಕಿತ್ಸೆಗಾಗಿ ಪ್ರಜ್ಞೆ ತಪ್ಪಿಸುವುದನ್ನು ಮುಂದೂಡಬೇಕಾದವರಿಗೆ ಇದರಷ್ಟು ಉಪಯೋಗಿ ಸಾಧನ ಇನ್ನೊಂದಿಲ್ಲ.

ಮೊಟ್ಟಮೊದಲು ಪೋಷಕರಿಗೆ ಫೋಟೋ ತೋರಿಸಿ ಒಪ್ಪಿಗೆ ಪಡೆಯಬೇಕು. ಹುಳುಕಾದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಆರೋಗ್ಯವಾದ ಎನಾಮಲ್ ಬಣ್ಣ ಹಿಡಿಯುವುದಿಲ್ಲ. ಮುಂದಿನ ಹಲ್ಲಿನ ವಿಷಯದಲ್ಲಿ ಈ ಮಾತನ್ನು ಬಾಯಲ್ಲಷ್ಟೇ ಹೇಳಿ ಮುಗಿಸಿದರೆ ಆಮೇಲೆ ಬೇಸರ ಖಚಿತ. ಬೆಳ್ಳಿಗೆ ಅಲರ್ಜಿ ಇರುವ ಮಗುವಿಗೆ, ಬಾಯಲ್ಲಿ ಹುಣ್ಣುಗಳಿರುವಾಗ, ನರ ಕೆಟ್ಟ ಹಲ್ಲಿಗೆ ಹಚ್ಚಬಾರದು.

ಬೇಕಾಗುವ ಸಾಮಾನು ಕಡಿಮೆ: ದ್ರಾವಣ, ಪ್ಲಾಸ್ಟಿಕ್ಕಿನ ಪುಟ್ಟ ಬಟ್ಟಲು, ಮೈಕ್ರೋಬ್ರಶ್, ಹತ್ತಿ ಸುರುಳಿಗಳು, ಗಾಜ್ ಎಂಬ ತೆಳು ಜಾಲರಿ ಬಟ್ಟೆಯ ತುಂಡು, ಪೆಟ್ರೋಲಿಯಂ ಜೆಲ್ಲಿ, ಕೈಗವಸು, ಮಗುವಿನ ಎದೆಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ. ಗಾಜು ಮತ್ತು ಲೋಹದ ಬಟ್ಟಲು ಬೇಡ, ದ್ರಾವಣ ಎರಡನ್ನೂ ತಿನ್ನುತ್ತದೆ. ಒಂದು ಹನಿ ಎಂದರೆ ಸುಮಾರು 25 ಮೈಕ್ರೋಲೀಟರ್, ಅದು ಐದು ಹಲ್ಲಿಗೆ ಸಾಕು. ಒಂದು ಭೇಟಿಯಲ್ಲಿ ಮಗುವಿನ ತೂಕದ ಪ್ರತಿ 10 ಕಿಲೋಗೆ ಒಂದು ಹನಿಯ ಮಿತಿ ದಾಟಬೇಡಿ. ಹನಿಯನ್ನು ಹಚ್ಚುವ ಹೊತ್ತಿಗೇ ಹಾಕಿಕೊಳ್ಳಿ. ತೆರೆದಿಟ್ಟರೆ ಅಮೋನಿಯಾ ಹಾರಿಹೋಗುತ್ತದೆ, ಬೆಳಕು ತಾಗಿ ದ್ರಾವಣ ಕೆಡುತ್ತದೆ.

ಎರಡು ಮೂರು ವರ್ಷದ ಮಗುವಾದರೆ ವೈದ್ಯರೂ ಪೋಷಕರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತು, ಮಗುವಿನ ತಲೆ ವೈದ್ಯರ ತೊಡೆಯ ಮೇಲೆ ಬರುವಂತೆ ಮಲಗಿಸುವುದು ಅನುಕೂಲ. ಮಗುವಿಗೆ ಅಮ್ಮನದೋ ಅಪ್ಪನದೋ ಮುಖ ಕಾಣುತ್ತಿರುತ್ತದೆ, ಕೈಗಳೂ ಅವರ ಹಿಡಿತದಲ್ಲೇ ಇರುತ್ತವೆ. ತುಟಿಗೂ ಪಕ್ಕದ ವಸಡಿಗೂ ಜೆಲ್ಲಿ ಸವರಿ. ಆದರೆ ಗುಳಿಗೆ ಜೆಲ್ಲಿ ತಗುಲಿದರೆ ಔಷಧ ಒಳಗಿಳಿಯುವುದಿಲ್ಲ, ಎಚ್ಚರ. ಗುಳಿಯಲ್ಲಿರುವ ಆಹಾರವನ್ನು ತೆಗೆಯಿರಿ, ಹುಳುಕನ್ನು ಕೆರೆಯುವ ಅಗತ್ಯವಿಲ್ಲ. ಎರಡೂ ಬದಿಗೆ ಹತ್ತಿ ಇಟ್ಟು, ಮೆಲ್ಲನೆಯ ಗಾಳಿಯಿಂದಲೋ ಒಣ ಹತ್ತಿಯಿಂದಲೋ ಗುಳಿ ಒಣಗಿಸಿ. ಬಗ್ಗಿಸಿದ ಮೈಕ್ರೋಬ್ರಶ್ ಅನ್ನು ಹನಿಯಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ಒತ್ತಿ ಹೆಚ್ಚಿನದನ್ನು ಇಳಿಸಿ, ಹುಳುಕಿನ ಮೇಲೆ ಮಾತ್ರ ಹಚ್ಚಿ. ಒಂದು ನಿಮಿಷ ಹಾಗೇ ಬಿಡಿ. ಆಮೇಲೆ ಹತ್ತಿಯಿಂದ ಒತ್ತಿ ಉಳಿದ ದ್ರವವನ್ನು ಹೀರಿಸಿ, ಸಾಧ್ಯವಾದರೆ ಇನ್ನೆರಡು ನಿಮಿಷ ಜೊಲ್ಲು ತಾಗದಂತೆ ಹಿಡಿಯಿರಿ. ಮಗು ಒಂದು ನಿಮಿಷವೂ ತಡೆಯದೆ ಹೋದರೆ ಕೆಲಸ ಹಾಳಾಯಿತು ಎಂದೇನಲ್ಲ. ಬೇಗ ಮರುಪರೀಕ್ಷೆ ಮಾಡಿ ಇನ್ನೊಮ್ಮೆ ಹಚ್ಚಿದರಾಯಿತು. ಎರಡು ಹಲ್ಲುಗಳ ನಡುವಿನ ಗುಳಿಗೆ ಹಲ್ಲುಸಂದು ಶುಚಿ ಮಾಡುವ ದಪ್ಪ ಫ್ಲಾಸ್ ದಾರವನ್ನು ತೂರಿಸಿ ಅದಕ್ಕೆ ದ್ರಾವಣ ತಾಗಿಸಿದರೆ ದಾರವೇ ಒಳಗೆ ಕೊಂಡೊಯ್ಯುತ್ತದೆ.

ಲೋಹದ ರುಚಿ ಸ್ವಲ್ಪ ಹೊತ್ತು ಇರುತ್ತದೆ. ವಸಡಿಗೆ ತಗುಲಿದ್ದರೆ ಬೆಳ್ಳಗಾಗಿ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಚರ್ಮಕ್ಕೆ ತಗುಲಿದರೆ ಆಗ ಏನೂ ಕಾಣುವುದಿಲ್ಲ, ಕೆಲವು ಗಂಟೆಗಳ ನಂತರ ಕಂದು ಕಲೆ ಮೂಡುತ್ತದೆ. ಅದನ್ನು ತಿಕ್ಕಬೇಡಿ, ಮೇಲ್ಪದರ ಉದುರುತ್ತಾ ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಬಟ್ಟೆಗೆ ಬಿದ್ದರೆ ಮಾತ್ರ ಹೋಗುವುದಿಲ್ಲ.

ಎರಡರಿಂದ ನಾಲ್ಕು ವಾರಕ್ಕೆ ಮರುಪರೀಕ್ಷೆ. ಕಪ್ಪಾಗಿದೆ ಎಂದ ಮಾತ್ರಕ್ಕೆ ನಿಂತಿದೆ ಎಂದುಕೊಳ್ಳಬೇಡಿ, ಮುಟ್ಟಿದಾಗ ಗಟ್ಟಿಯಾಗಿರಬೇಕು. ಇನ್ನೂ ಮೆತ್ತಗಿದ್ದರೆ ಮತ್ತೆ ಹಚ್ಚಬೇಕು. ಆಮೇಲೆ ಆರು ತಿಂಗಳಿಗೊಮ್ಮೆ. ಒಂದೇ ಸಲ ಹಚ್ಚಿ ಮರೆತರೆ ಗುಳಿಯ ಗಾತ್ರ ಮತ್ತು ಜಾಗಕ್ಕೆ ತಕ್ಕಂತೆ ಯಶಸ್ಸು 47ರಿಂದ 90 ಪ್ರತಿಶತದವರೆಗೆ ಏರುಪೇರಾಗುತ್ತದೆ. ಬ್ರಶ್ ಸುಲಭವಾಗಿ ತಲಪುವ ಮುಂದಿನ ಹಲ್ಲುಗಳಲ್ಲಿ ಹೆಚ್ಚು, ಆಹಾರ ಸಿಕ್ಕಿಕೊಳ್ಳುವ ದವಡೆಹಲ್ಲುಗಳಲ್ಲಿ ಕಡಿಮೆ. ಅದಕ್ಕೇ ದವಡೆಹಲ್ಲಿನ ಗುಳಿಗೆ ಔಷಧ ಹಚ್ಚಿ ನಿಲ್ಲಿಸದೆ, ಅದನ್ನು ಮುಚ್ಚುವ ಕೆಲಸಕ್ಕೂ ಮುಂದಾಗುವುದು ಒಳ್ಳೆಯದು.

ಕೈ ಉಪಕರಣ ಮತ್ತು ಗ್ಲಾಸ್ ಅಯೊನೊಮರ್ ಸಿಮೆಂಟ್

ಮೆತ್ತನೆಯ ಹುಳುಕನ್ನು ಕೈ ಉಪಕರಣದಿಂದ ತೆಗೆದು, ಹಲ್ಲಿಗೆ ತಾನೇ ಅಂಟುವ ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ, ಎಆರ್‌ಟಿ ಎಂದು ಹೆಸರಾದ ಈ ವಿಧಾನ ಹುಟ್ಟಿದ್ದು 1980ರ ದಶಕದ ಮಧ್ಯದಲ್ಲಿ, ಟಾಂಜಾನಿಯಾದಲ್ಲಿ. ವಿದ್ಯುತ್ತೂ ಡ್ರಿಲ್ಲೂ ಇಲ್ಲದ ಕಡೆ ಹಲ್ಲು ಉಳಿಸುವ ಉದ್ದೇಶದಿಂದ. ವಿದ್ಯುತ್ ಇರುವ ಕಡೆಯೂ ಇದು ಉಳಿದುಕೊಂಡದ್ದು ಡ್ರಿಲ್ಲಿನ ಸದ್ದು ಮತ್ತು ಇಂಜೆಕ್ಷನ್ ಇಲ್ಲದ್ದರಿಂದ. ಬರೀ ಅಗಿಯುವ ಮೇಲ್ಮೈಯಲ್ಲಿ ಗುಳಿ ಇರುವ ಹಾಲಿನ ದವಡೆಹಲ್ಲಿಗೆ ಇದು ಅತ್ಯುತ್ತಮ: ಎರಡು ವರ್ಷದ ನಂತರ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಫಿಲ್ಲಿಂಗ್‌ಗಳು ಸರಿಯಾಗಿಯೇ ಇರುತ್ತವೆ. ಗುಳಿ ಪಕ್ಕದ ಮೇಲ್ಮೈಗೂ ಹಬ್ಬಿದ್ದರೆ ಹತ್ತರಲ್ಲಿ ಆರು ಉಳಿಯುತ್ತವೆ, ಅಷ್ಟೇ. ಅಂಥ ಹಲ್ಲಿಗೆ ಮುಂದೆ ಹೇಳುವ ಕ್ಯಾಪ್ ವಾಸಿ.

ಹತ್ತಿ ಇಟ್ಟು ಹಲ್ಲನ್ನು ಪ್ರತ್ಯೇಕಿಸಿ. ಗುಳಿಯ ಬಾಯಿ ಕಿರಿದಾಗಿದ್ದರೆ ಹ್ಯಾಚೆಟ್ ಎಂಬ ಪುಟ್ಟ ಉಳಿಯಂಥ ಉಪಕರಣವನ್ನು ಅಂಚಿನಲ್ಲಿಟ್ಟು ಹಿಂದಕ್ಕೂ ಮುಂದಕ್ಕೂ ತಿರುಗಿಸಿ. ಆಧಾರವಿಲ್ಲದ ತೆಳು ಎನಾಮಲ್ ಮುರಿದುಬಂದು ಚಮಚೆಯಾಕಾರದ ಎಕ್ಸ್‌ಕವೇಟರ್ ಹೋಗುವಷ್ಟು ಜಾಗವಾಗುತ್ತದೆ. ಮೆತ್ತನೆಯ ಡೆಂಟಿನ್ ಅನ್ನು ಮೊದಲು ಎನಾಮಲ್ ಡೆಂಟಿನ್ ಸೇರುವ ಅಂಚಿನ ಸುತ್ತ ತೆಗೆಯಿರಿ, ಆಮೇಲೆ ತಳಕ್ಕೆ ಬನ್ನಿ. ಅಂಚು ಸುತ್ತಲೂ ಗಟ್ಟಿಯಾಗಿರಲೇಬೇಕು, ಸಿಮೆಂಟ್ ಹಿಡಿದುಕೊಳ್ಳುವುದೂ ಒಳಗೆ ಸೋರದಂತೆ ತಡೆಯುವುದೂ ಅಲ್ಲೇ. ತಳದಲ್ಲಿ ನರದ ಮೇಲೆ ಚರ್ಮದಂತೆ ಎಳೆಯುವ ಡೆಂಟಿನ್ ಉಳಿದರೆ ಉಳಿಯಲಿ, ಗುಳಿ ಬಹಳ ಆಳವಾಗಿದ್ದರೆ ಇನ್ನೂ ಮೆತ್ತಗಿರುವುದೂ ಉಳಿಯಲಿ.

10% ಪಾಲಿಅಕ್ರಿಲಿಕ್ ಆಮ್ಲವನ್ನು ಹತ್ತಿ ಉಂಡೆಯಿಂದ 10ರಿಂದ 15 ಸೆಕೆಂಡು ಸವರಿ, ಒದ್ದೆ ಹತ್ತಿ ಉಂಡೆಗಳಿಂದ ಎರಡು ಮೂರು ಸಲ ತೊಳೆದು, ಒಣ ಹತ್ತಿಯಿಂದ ಒತ್ತಿ. ಮೇಲ್ಮೈ ತೇವದ ಹೊಳಪು ಉಳಿಸಿಕೊಂಡಿರಬೇಕು, ನೀರು ನಿಂತಿರಬಾರದು. ಇಷ್ಟರಲ್ಲಿ ಜೊಲ್ಲೋ ರಕ್ತವೋ ತಗುಲಿದರೆ ಆಮ್ಲದ ಹಂತದಿಂದ ಮತ್ತೆ ಶುರುಮಾಡಿ.

ಸಿಮೆಂಟ್ ಕಲಸುವಲ್ಲಿ ಆಗುವ ತಪ್ಪೇ ಈ ಫಿಲ್ಲಿಂಗ್‌ನ ದೊಡ್ಡ ಶತ್ರು. ಪುಡಿಯ ಬಾಟಲಿಯನ್ನು ಮೆಲ್ಲಗೆ ಅಲುಗಾಡಿಸಿ, ಚಮಚೆಯನ್ನು ಮಟ್ಟಸವಾಗಿ ತುಂಬಿಸಿ. ದ್ರವದ ಬಾಟಲಿಯನ್ನು ಮೊದಲು ಅಡ್ಡಲಾಗಿ ಹಿಡಿದು ಒಳಗಿನ ಗಾಳಿ ಹೋಗಲು ಬಿಟ್ಟು, ಆಮೇಲೆ ನೆಟ್ಟಗೆ ತಿರುಗಿಸಿ ಹನಿ ಹಾಕಿ. ಗಾಳಿಗುಳ್ಳೆ ಸೇರಿದ ಹನಿ ಅಳತೆಯಲ್ಲಿ ಕಡಿಮೆ ಬರುತ್ತದೆ. ಎಷ್ಟು ಚಮಚೆಗೆ ಎಷ್ಟು ಹನಿ ಎಂಬುದು ತಯಾರಕರ ಚೀಟಿಯಲ್ಲಿ ಇರುವಂತೆಯೇ ಆಗಬೇಕು, ಕಣ್ಣಳತೆ ಬೇಡ. ಪುಡಿಯನ್ನು ಎರಡು ಭಾಗ ಮಾಡಿ ಒಂದೊಂದಾಗಿ ಸೇರಿಸುತ್ತಾ 20ರಿಂದ 30 ಸೆಕೆಂಡಿನಲ್ಲಿ ಕಲಸಿ ಮುಗಿಸಿ. ಮಿಶ್ರಣ ಹೊಳೆಯುತ್ತಿರುವಾಗಲೇ ಗುಳಿಗೆ ಹೋಗಬೇಕು. ಹೊಳಪು ಹೋಗಿ ಮಂಕಾಗಿದ್ದರೆ ಹಲ್ಲಿಗೆ ಅಂಟಬೇಕಾದ ಆಮ್ಲ ಆಗಲೇ ಖರ್ಚಾಗಿದೆ ಎಂದರ್ಥ. ಎಷ್ಟೇ ಉಳಿದಿರಲಿ ಎಸೆದು ಹೊಸದಾಗಿ ಕಲಸಿ. ಸೆಕೆಯಲ್ಲಿ ಬೇಗ ಗಟ್ಟಿಯಾಗುವುದರಿಂದ ಕಲಸುವ ಗಾಜಿನ ಹಲಗೆಯನ್ನು ತಣ್ಣಗೆ ಇಟ್ಟುಕೊಳ್ಳಿ. ಅಳತೆ ಮಾಡಿ ತುಂಬಿದ ಕ್ಯಾಪ್ಸೂಲ್ ಸಿಕ್ಕರೆ ಈ ತಾಪತ್ರಯವೇ ಇಲ್ಲ.

ಗುಳಿಯ ಮೂಲೆಗಳಿಂದ ಶುರುಮಾಡಿ ಸ್ವಲ್ಪ ಹೆಚ್ಚೇ ತುಂಬಿಸಿ, ಪಕ್ಕದ ಸೀಳುಗಳಿಗೂ ಹರಡಿ. ಕೈಗವಸಿನ ಬೆರಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ ಮೇಲಿಂದ ಒತ್ತಿ, ಬೆರಳನ್ನು ಮೇಲಕ್ಕೆ ಎತ್ತದೆ ಪಕ್ಕಕ್ಕೆ ಜಾರಿಸಿ; ಎತ್ತಿದರೆ ಸಿಮೆಂಟ್ ಜೊತೆಗೇ ಏಳುತ್ತದೆ. ಹೊರಗೆ ಬಂದದ್ದನ್ನು ಕಾರ್ವರ್ ಎಂಬ ಕೆತ್ತುವ ಉಪಕರಣದಿಂದ ತೆಗೆದು, ಕಚ್ಚುವಾಗ ಎತ್ತರವಾಗಿದೆಯೇ ಎಂದು ಬಣ್ಣದ ಕಾಗದದಿಂದ ನೋಡಿ, ಕೊನೆಗೆ ಮತ್ತೊಂದು ಪದರ ಜೆಲ್ಲಿ ಅಥವಾ ವಾರ್ನಿಶ್. ಮೊದಲ ಹೊತ್ತಿನಲ್ಲಿ ಸಿಮೆಂಟಿಗೆ ನೀರು ಸೇರಿದರೂ ಕೆಡುಕು, ನೀರು ಆರಿದರೂ ಬಿರುಕು. ಒಂದು ಗಂಟೆ ಮಗುವಿಗೆ ತಿನ್ನಲು ಕೊಡಬೇಡಿ.

ಮೊದಲು ಎಸ್‌ಡಿಎಫ್ ಹಚ್ಚಿ ಅದರ ಮೇಲೆ ಈ ಸಿಮೆಂಟ್ ತುಂಬುವುದೂ ಉಂಟು. ಒಂದೇ ದಿನ ಎರಡನ್ನೂ ಮಾಡಬಹುದು, ಅಂಚು ಬೂದಿ ಬಣ್ಣಕ್ಕೆ ತಿರುಗುವುದನ್ನು ಒಪ್ಪಿಕೊಳ್ಳಬೇಕು.

ಹಾಲ್ ವಿಧಾನದ ಕ್ಯಾಪ್

ಎರಡು ದವಡೆಹಲ್ಲುಗಳು ತಾಗುವ ಬದಿಯಲ್ಲಿ ಹುಳುಕು ಇದ್ದರೆ ನಮ್ಮ ಮೊದಲ ಆಯ್ಕೆ ಇದೇ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಅವರ ಹೆಸರಿನ ಈ ವಿಧಾನದಲ್ಲಿ ಕೊರೆಯುವುದಿಲ್ಲ, ಹುಳುಕು ತೆಗೆಯುವುದಿಲ್ಲ, ಇಂಜೆಕ್ಷನ್ ಇಲ್ಲ. ಸಿದ್ಧ ಸ್ಟೀಲ್ ಕ್ಯಾಪ್ ಅನ್ನು ಸಿಮೆಂಟ್ ತುಂಬಿಸಿ ಹಲ್ಲಿನ ಮೇಲೆ ಕೂರಿಸಿಬಿಡುತ್ತಾರೆ. ಕೇಳಿದವರಿಗೆ ನಂಬಿಕೆ ಬರುವುದು ಕಷ್ಟ. ಆದರೆ ಸ್ಕಾಟ್ಲೆಂಡಿನಲ್ಲೇ 132 ಮಕ್ಕಳಲ್ಲಿ, ಒಂದೇ ಬಾಯಿಯ ಒಂದು ಹಲ್ಲಿಗೆ ಕ್ಯಾಪ್, ಇನ್ನೊಂದಕ್ಕೆ ಮಾಮೂಲಿ ಫಿಲ್ಲಿಂಗ್ ಮಾಡಿ ಹೋಲಿಸಿದ ಅಧ್ಯಯನದ ಐದು ವರ್ಷದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು: ನೋವು, ಕೀವು ಮೊದಲಾದ ದೊಡ್ಡ ವೈಫಲ್ಯ ಕ್ಯಾಪ್‌ನಲ್ಲಿ 3%, ಫಿಲ್ಲಿಂಗ್‌ನಲ್ಲಿ 16.5%.

ಹಲ್ಲುಗಳ ನಡುವೆ ಬಿಗಿ ಇದ್ದರೆ ಮೂರರಿಂದ ಐದು ದಿನ ಮೊದಲು ರಬ್ಬರ್ ಉಂಗುರ ಹಾಕಬೇಕು. ಉಂಗುರಕ್ಕೆ ಎರಡು ಫ್ಲಾಸ್ ದಾರ ಪೋಣಿಸಿ ಎರಡೂ ಕಡೆ ಎಳೆದು ಹಿಗ್ಗಿಸಿ, ಫ್ಲಾಸ್ ಮಾಡುವಂತೆಯೇ ಹಲ್ಲುಗಳ ನಡುವೆ ಇಳಿಸಿ. ಉಂಗುರದ ಅರ್ಧ ಮಾತ್ರ ಕೆಳಗಿಳಿಯಬೇಕು, ಮೇಲಿನ ಅರ್ಧ ಕಣ್ಣಿಗೆ ಕಾಣುತ್ತಿರಬೇಕು. ಮರಳಿ ಬಂದಾಗ ಉಂಗುರ ಕಾಣದಿದ್ದರೆ ಬಿದ್ದುಹೋಯಿತೆಂದು ಸುಮ್ಮನಾಗದೆ ವಸಡಿನ ಒಳಗೆ ಜಾರಿದೆಯೇ ಎಂದು ಹುಡುಕಿ.

ಕ್ಯಾಪ್ ಗಂಟಲಿಗೆ ಜಾರುವುದೇ ಇಲ್ಲಿನ ದೊಡ್ಡ ಅಪಾಯ. ಅದಕ್ಕೆ ಮಗುವನ್ನು ನೆಟ್ಟಗೆ ಕೂರಿಸಿ, ನಾಲಿಗೆಯ ಮೇಲೆ ಗಾಜ್ ಬಟ್ಟೆ ಬಿಡಿಸಿ ಹಾಸಿ, ಕ್ಯಾಪ್‌ಗೆ ಅಂಟುಪಟ್ಟಿಯ ಹಿಡಿ ಕಟ್ಟಿ. ಎಲ್ಲ ಅಂಚುಗಳನ್ನೂ ಮುಚ್ಚುವ, ಒತ್ತಿದರೆ ಸ್ವಲ್ಪ ಚಿಮ್ಮಿ ಹಿಂದೆ ಬರುವಂತೆ ಭಾಸವಾಗುವ ಅತಿ ಚಿಕ್ಕ ಗಾತ್ರವನ್ನೇ ಆರಿಸಿ. ಅಳತೆ ನೋಡುವಾಗ ಪೂರ್ತಿ ಕೆಳಗೆ ಒತ್ತಿಬಿಡಬೇಡಿ, ಹಲ್ಲುಗಳು ತಾಗುವ ಬಿಂದು ದಾಟಿದರೆ ತೆಗೆಯುವುದು ಕಷ್ಟ. ಕ್ಯಾಪ್ ಒಣಗಿಸಿ, ಅಂಟಿಸುವ ಗ್ಲಾಸ್ ಅಯೊನೊಮರ್ ಸಿಮೆಂಟನ್ನು ಮೂರರಲ್ಲಿ ಎರಡು ಭಾಗದಷ್ಟು, ಗಾಳಿಗುಳ್ಳೆ ಉಳಿಯದಂತೆ ತುಂಬಿಸಿ. ಗುಳಿ ದೊಡ್ಡದಿದ್ದರೆ ಅದಕ್ಕೂ ಸ್ವಲ್ಪ ಸಿಮೆಂಟ್. ಬೆರಳಿನಿಂದ ನೇರ ಒತ್ತಿ, ಅದು ಬಿಂದು ದಾಟಿದ ಮೇಲೆ ಹತ್ತಿ ಸುರುಳಿ ಕಚ್ಚಲು ಹೇಳಿ. ತಕ್ಷಣ ತೆರೆದು ನೋಡಿ: ವಾಲಿ ಕೂತಿದ್ದರೆ ಸಿಮೆಂಟ್ ಗಟ್ಟಿಯಾಗುವ ಮೊದಲೇ ಎಕ್ಸ್‌ಕವೇಟರ್‌ನಿಂದ ಎತ್ತಿಬಿಡಬೇಕು. ಸರಿಯಿದ್ದರೆ ಎರಡು ಮೂರು ನಿಮಿಷ ಕಚ್ಚಿಸಿಯೇ ಇಡಿ. ಹೊರಬಂದ ಸಿಮೆಂಟ್ ಒರೆಸಿ, ಗಂಟು ಹಾಕಿದ ಫ್ಲಾಸ್ ಅನ್ನು ಹಲ್ಲುಗಳ ನಡುವೆ ಎಳೆಯಿರಿ.

ವಸಡು ಬೆಳ್ಳಗಾದರೆ ಕೆಲವು ನಿಮಿಷಗಳಲ್ಲಿ ಸರಿಯಾಗುತ್ತದೆ. ಕಚ್ಚಿದಾಗ ಕ್ಯಾಪ್ ಒಂದು ಮಿಲಿಮೀಟರಿನಷ್ಟು ಎತ್ತರವಾಗಿ, ಉಳಿದ ಹಲ್ಲುಗಳು ಕೂಡದಂತೆ ಕಾಣುವುದನ್ನು ಪೋಷಕರಿಗೆ ಮುಂಚೆಯೇ ಹೇಳಿಡಿ; ಮಗು ಒಂದೆರಡು ದಿನದಲ್ಲಿ ಒಗ್ಗಿಕೊಳ್ಳುತ್ತದೆ, ಕಚ್ಚು ಕೆಲವು ವಾರಗಳಲ್ಲಿ ಸಮವಾಗುತ್ತದೆ. ಒಂದರ ಎದುರು ಒಂದು ಬರುವ ಮೇಲಿನ ಕೆಳಗಿನ ಹಲ್ಲುಗಳಿಗೆ ಒಂದೇ ದಿನ ಹಾಕಬೇಡಿ. ನಿಕಲ್ ಅಲರ್ಜಿ ಇರುವ, ಹೃದಯದ ಒಳಪೊರೆಯ ಸೋಂಕಿನ ಅಪಾಯವಿರುವ ಅಥವಾ ರೋಗನಿರೋಧಕ ಶಕ್ತಿ ಬಹಳ ಕುಗ್ಗಿರುವ ಮಕ್ಕಳಿಗೆ ಈ ವಿಧಾನ ಸಲ್ಲದು. ಕೊನೆಯ ಹಾಲು ದವಡೆಹಲ್ಲಿಗೆ ಹಾಕಿದಾಗ, ಆರನೇ ವರ್ಷದ ಸುಮಾರಿಗೆ ಬರುವ ಶಾಶ್ವತ ದವಡೆಹಲ್ಲು ಕ್ಯಾಪ್‌ನ ಅಂಚಿಗೆ ಸಿಕ್ಕಿಕೊಂಡಿಲ್ಲವೇ ಎಂದು ನೋಡುತ್ತಿರಬೇಕು.

ಏನನ್ನೂ ತುಂಬಿಸದೆ

ಸಹಕರಿಸದ ಮಗು, ಬೀಳಲು ವರ್ಷದೊಳಗಿನ ಸಮಯ, ಅಗಲವಾದ ಗುಳಿ: ಇಂಥ ಕಡೆ ಜೋತುಬಿದ್ದ ಎನಾಮಲ್ ಅಂಚನ್ನು ತೆಗೆದು, ಗುಳಿಯನ್ನು ಬ್ರಶ್ ತಲಪುವಷ್ಟು ತೆರೆದು ಬಿಟ್ಟರೂ ಸಾಕಾಗಬಹುದು. ಆದರೆ ಇದು ಪೂರ್ತಿ ಮನೆಯವರ ಕೈಯಲ್ಲಿರುವ ಚಿಕಿತ್ಸೆ. ದಿನಕ್ಕೆರಡು ಸಲ ಬ್ರಶ್ ಅನ್ನು ಅಡ್ಡಲಾಗಿ ಹಿಡಿದು ಆ ಗುಳಿಯೊಳಗೇ ಉಜ್ಜುವವರು ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಮನೆಯ ಪಾಲು

ಮೇಲಿನ ವಿಧಾನಗಳಷ್ಟರಿಂದಲೇ ಹೊಸ ಹುಳುಕನ್ನು ಪೂರ್ತಿ ತಡೆಯಲಾಗುವುದಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಿನಷ್ಟು, ಕನಿಷ್ಠ 1,000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟ್ ಬಳಸಿ. ಈ ಸಂಖ್ಯೆ ಟ್ಯೂಬಿನ ಮೇಲೆ ಇರುತ್ತದೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಮಗುವಿನ ಹಿಂದೆ ನಿಂತು, ಅದರ ತಲೆಯನ್ನು ನಿಮ್ಮ ಎದೆಗೆ ಆನಿಸಿಕೊಂಡು, ಒಂದು ಕೈಯಿಂದ ತುಟಿ ಸರಿಸಿ ಉಜ್ಜಿದರೆ ವಸಡಿನ ಅಂಚು ಚೆನ್ನಾಗಿ ಕಾಣುತ್ತದೆ. ಉಜ್ಜಿದ ಮೇಲೆ ಉಗುಳಲಿ, ನೀರು ಹಾಕಿ ಮುಕ್ಕಳಿಸುವುದು ಬೇಡ. ಬಾಯಲ್ಲಿ ಉಳಿಯುವ ತೆಳು ಫ್ಲೋರೈಡ್ ರಾತ್ರಿಯಿಡೀ ಕೆಲಸ ಮಾಡುತ್ತದೆ.

ಸಕ್ಕರೆಯ ವಿಷಯದಲ್ಲಿ ಎಷ್ಟು ಎನ್ನುವಷ್ಟೇ ಎಷ್ಟು ಸಲ ಎನ್ನುವುದೂ ಮುಖ್ಯ. ಸಿಹಿಯನ್ನು ಊಟದ ಜೊತೆಗೇ ಕೊಟ್ಟು ಮುಗಿಸಿ. ಗಂಟೆಗಟ್ಟಲೆ ಚೀಪುತ್ತಿರುವ ಜ್ಯೂಸ್ ಬಾಟಲಿ, ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುವ ಅಭ್ಯಾಸ ಇವೆರಡೂ ನಿಲ್ಲಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಆಮ್ಲ ತಣಿಯುವುದೇ ಇಲ್ಲ. ಬಾಟಲಿ ಬಿಡದ ಮಗುವಿಗೆ ಬರೀ ನೀರು ಹಾಕಿ ಕೊಡಿ.

ಮರುಪರೀಕ್ಷೆ, ಮತ್ತು ಯಾವಾಗ ಬೇರೆ ದಾರಿ

ಅಪಾಯ ಹೆಚ್ಚಿರುವ ಮಗುವನ್ನು ಮೂರು ತಿಂಗಳಿಗೊಮ್ಮೆ ನೋಡಬೇಕು. ಪ್ರತಿ ಸಲವೂ ಅದೇ ಪ್ರಶ್ನೆಗಳು: ರಾತ್ರಿ ನೋವು ಇತ್ತೇ, ವಸಡಿನಲ್ಲಿ ಗುಳ್ಳೆ ಇದೆಯೇ, ಹಲ್ಲು ಅಲುಗಾಡುತ್ತಿದೆಯೇ, ಕಪ್ಪು ಭಾಗ ಗಟ್ಟಿಯಾಗಿದೆಯೇ, ಫಿಲ್ಲಿಂಗ್‌ನ ಅಂಚು ಬಿಟ್ಟಿದೆಯೇ, ಕ್ಯಾಪ್ ಸವೆದು ತೂತಾಗಿದೆಯೇ. ಫಿಲ್ಲಿಂಗ್ ಬಿದ್ದುಹೋಗಿದ್ದರೂ ತಳ ಗಟ್ಟಿಯಾಗಿದ್ದರೆ ಅವಸರವಿಲ್ಲ, ಮತ್ತೆ ತುಂಬಿಸಬಹುದು. ಮುಂದೆ ಬರುವ ಶಾಶ್ವತ ದವಡೆಹಲ್ಲಿನ ಸೀಳುಗಳಿಗೆ ಸೀಲೆಂಟ್ (ಸೀಳು ಮುಚ್ಚುವ ಲೇಪ) ಹಾಕುವ ದಿನವನ್ನೂ ಇದೇ ಭೇಟಿಯಲ್ಲಿ ಗೊತ್ತುಮಾಡಿಕೊಳ್ಳಿ.

ಗುಳ್ಳೆಯೋ ತಾನಾಗಿ ಬರುವ ನೋವೋ ಕಂಡರೆ ಮತ್ತೊಮ್ಮೆ ಎಸ್‌ಡಿಎಫ್ ಹಚ್ಚುತ್ತಾ ಕಾಲ ಕಳೆಯಬೇಡಿ. ಆ ಹಲ್ಲಿಗೆ ನರದ ಚಿಕಿತ್ಸೆ ಬೇಕು ಅಥವಾ ಅದನ್ನು ಕೀಳಬೇಕು. ದವಡೆಹಲ್ಲು ಕಿತ್ತರೆ ಜಾಗ ಕಾಯುವ ತಂತಿ ಬೇಕೇ ಎಂದು ಆಗಲೇ ಕೇಳಿ. ಕೆನ್ನೆ ಊದಿ ಜ್ವರ ಬಂದರೆ, ಕಣ್ಣಿನ ಕಡೆಗೋ ಕತ್ತಿನ ಕಡೆಗೋ ಊತ ಹಬ್ಬಿದರೆ, ಮಗುವಿಗೆ ನುಂಗಲು, ಬಾಯಿ ತೆರೆಯಲು ಅಥವಾ ಉಸಿರಾಡಲು ಕಷ್ಟವಾದರೆ ಮರುದಿನದ ಅಪಾಯಿಂಟ್‌ಮೆಂಟಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.